‘ರೂಪಿಸುತ್ತದೆ’ ಅಂದರೆ ಏನು ಮಾಡುತ್ತದೆ?

ಪ್ರಿಯರೇ,

ಕಡಲಾಳದ ಉಪ್ಪು ಮತ್ತು ಕಮರಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಶ್ರಮ ಕಾಣುತ್ತದೆ, ನಕ್ಷೆ ಅಚ್ಚುಕಟ್ಟಾಗಿದೆ. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು. ಅದರ ಬಗ್ಗೆಯಷ್ಟೇ ಬರೆಯುತ್ತೇನೆ.

ನಿಮ್ಮ ವಾಕ್ಯ: “ಮೆಕ್ಸಿಕೋ ಕೊಲ್ಲಿಯ ತಳದಲ್ಲಿ ಉಪ್ಪು ಕರಗಿ ಹರಿದು ಕಮರಿಗಳನ್ನು ರೂಪಿಸುತ್ತದೆ.” ಎಂಟು ಪದ, ಎರಡು ತಪ್ಪು.

ಮೊದಲನೆಯದು ‘ಕರಗಿ’. ಅಲ್ಲಿ ತಳದಡಿ ಇರುವ, ‘ಲೂಆನ್’ ಎಂದು ಹೆಸರಿಟ್ಟ ಉಪ್ಪಿನ ಪದರ ಜುರಾಸಿಕ್ ಕಾಲದ್ದು, ಹದಿನಾರು-ಹದಿನೇಳು ಕೋಟಿ ವರ್ಷ ಹಳೆಯದು. ಹರಿಯುವುದು ನಿಜ, ಆದರೆ ಗಟ್ಟಿಯಾಗಿದ್ದುಕೊಂಡೇ ಹರಿಯುತ್ತದೆ. ಹೋಳಿಗೆ ತಟ್ಟುವುದನ್ನು ನೋಡಿಲ್ಲವೇ? ಅಂಗೈ ಒತ್ತಿದ ಕಡೆ ಹೂರಣ ತೆಳುವಾಗಿ ಪಕ್ಕಕ್ಕೆ ಸರಿಯುತ್ತದೆ, ಕಣಕ ಸೋತಲ್ಲಿ ಹೊರಗೆ ಇಣುಕುತ್ತದೆ. ಇಲ್ಲಿ ಒತ್ತುವ ಅಂಗೈ ನದಿ ತಂದ ಹೂಳು. ಅದು ಬಿದ್ದಲ್ಲಿ ಗುಂಡಿ, ಪಕ್ಕದಲ್ಲಿ ಉಪ್ಪಿನ ದಿಬ್ಬ. ಕರಗಿದ ಉಪ್ಪನ್ನೇ ತೋರಿಸಬೇಕಿದ್ದರೆ ಓರ್ಕಾ ಬೇಸಿನ್ ಇತ್ತಲ್ಲ! ಸುಮಾರು 2,400 ಮೀಟರ್ ಆಳದ ಆ ಗುಂಡಿಯಲ್ಲಿ ಕಡಲ ನೀರಿಗಿಂತ ಏಳೆಂಟು ಪಟ್ಟು ಉಪ್ಪಾದ ನೀರು ಮಡುಗಟ್ಟಿ ನಿಂತಿದೆ. ಅದನ್ನು ನೀವು ಬಿಟ್ಟೇಬಿಟ್ಟಿದ್ದೀರಿ.

ಎರಡನೆಯದು ‘ರೂಪಿಸುತ್ತದೆ’. ಎಣಿಸಿದೆ, ಒಂಬತ್ತು ಸಲ ಬಂದಿದೆ. ಕಮರಿ ಕೊರೆಯುವುದು ಉಪ್ಪಲ್ಲ. ಇಳಿಜಾರಿನಲ್ಲಿ ತಳ ಹಿಡಿದು ನುಗ್ಗುವ, ಮಣ್ಣು ಮರಳು ಬೆರೆತ ನೀರು. ಉಪ್ಪು ಅದಕ್ಕೆ ಅಡ್ಡ ಏಳುತ್ತದೆ. ದಿಬ್ಬ ಏಳುವುದಕ್ಕಿಂತ ಬೇಗ ನೀರು ಕೊರೆದರೆ ಕಾಲುವೆ ದಿಬ್ಬವನ್ನೇ ಸೀಳಿಕೊಂಡು ಹೋಗುತ್ತದೆ. ಆಗದಿದ್ದರೆ ಬಳಸಿಕೊಂಡು ಹೋಗುತ್ತದೆ, ಅಥವಾ ಗುಂಡಿಯಲ್ಲಿ ಹೂಳು ಸುರಿದು ನಿಲ್ಲುತ್ತದೆ. ಗುಂಡಿ ತುಂಬಿದ ಮೇಲೆ ಕೋಡಿ ಬಿದ್ದು ಮುಂದಿನ ಗುಂಡಿಗೆ, ನಮ್ಮ ಸಾಲುಕೆರೆಗಳ ಹಾಗೆ. ಕೊರೆ, ಸೀಳು, ಬಳಸು, ಕೋಡಿ ಬೀಳು: ಇಷ್ಟು ಕ್ರಿಯಾಪದಗಳನ್ನು ನೀವು ಒಂದೇ ಪದದಡಿ ಹೂತಿದ್ದೀರಿ.

ಅಮೆರಿಕದ ಲೂಯಿಸಿಯಾನಾ ಕರಾವಳಿಯ ಆಚೆ ಕಡಲಾಳದಲ್ಲಿರುವ ಬ್ರಯಂಟ್ ಕಮರಿಯನ್ನೂ “ಉಪ್ಪು ರೂಪಿಸಿದ ಕಮರಿ” ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹಿಮಯುಗದಲ್ಲಿ ಸಮುದ್ರಮಟ್ಟ ತಗ್ಗಿದ್ದಾಗ ಹೂಳು ಧಾರಾಳ, ಆಗ ಗೆದ್ದದ್ದು ಪ್ರವಾಹ. ಹೂಳು ಬೇರೆ ದಾರಿ ಹಿಡಿದ ಮೇಲೆ ಉಪ್ಪು ಕೆಳಗಿನಿಂದಲೂ ಪಕ್ಕದಿಂದಲೂ ಒತ್ತಿ ಬಂದು ದಾರಿಯನ್ನು ಅಲ್ಲಲ್ಲಿ ಮುಚ್ಚಿತು. ಇಂದು ಅದು ಒಂದು ಕಮರಿಯಾಗಿ ಉಳಿದಿಲ್ಲ, ಗುಂಡಿಗಳ ಸಾಲು. ಉಪ್ಪು ಆ ಕಮರಿಯನ್ನು ರೂಪಿಸಲಿಲ್ಲ, ಕತ್ತು ಹಿಸುಕಿತು. ನಿಮ್ಮ ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ನಾನು ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದಾಗ “ನಾಲೆಯಲ್ಲಿ ಬಿರುಕು ಉಂಟಾದ ಪರಿಣಾಮ ಬೆಳೆಹಾನಿ ಸಂಭವಿಸಿದೆ” ಎಂದು ಬರೆದುಕೊಟ್ಟಿದ್ದೆ. ಹಿರಿಯರು ಹಾಳೆ ಮಡಚಿ ನನ್ನ ಜೇಬಿಗೇ ತುರುಕಿ, “ಹೋಗಿ ನೋಡ್ಕೊಂಡು ಬಾರಯ್ಯ, ಯಾರು ಒಡೆದ್ರು ಅಂತ” ಅಂದರು. ಎರಡು ಬಸ್ಸು ಬದಲಿಸಿ ಹೋದೆ. ಮೊಣಕಾಲುದ್ದ ಕೆಸರು. ರೈತರೊಬ್ಬರು ಏರಿಯೊಳಕ್ಕೆ ಬೆರಳು ತೂರಿಸಿ ತೋರಿಸಿದರು: ಏಡಿ ಬಿಲ. ಆ ಬಿಲದಲ್ಲಿ ನೀರು ಜಿನುಗಿ, ಮಣ್ಣು ಸಡಿಲವಾಗಿ, ರಾತ್ರಿ ಏರಿ ಕುಸಿದಿತ್ತು. ವಾಪಸ್ ಬಂದು “ಏಡಿ ಕೊರೆದ ಏರಿಯನ್ನು ನೀರು ಒಡೆಯಿತು” ಎಂದು ಬರೆದೆ. ಹಿರಿಯರು ಏನೂ ಹೇಳದೆ ಅದನ್ನು ಅಚ್ಚುಮೊಳೆ ಜೋಡಿಸಲು ಕಳಿಸಿದರು. ಚಪ್ಪಲಿ ಮಾತ್ರ ಅಲ್ಲೇ ಕೆಸರಲ್ಲಿ ಉಳಿಯಿತು.

ಒಂಬತ್ತು ಕಡೆಯೂ ಪೆನ್ಸಿಲ್ ಗುರುತು ಹಾಕಿ ಹಿಂದಿರುಗಿಸುತ್ತಿದ್ದೇನೆ. ತಿದ್ದಿ ಕಳಿಸಿ, ಓದುತ್ತೇನೆ. ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ ಬಿಟ್ಟುಹೋಗಿದೆ, ಅದನ್ನೂ ಹಾಕಿ.