ಹತ್ತನೇ ಕ್ಲಾಸಲ್ಲೇ ಬಸುರಿಯಾದ 16ರ ಹುಡುಗಿ ಓದು ಮುಂದುವರಿಸಬಹುದಾ?

ಖಂಡಿತ ಓದಬಹುದು. ಅವಸರದಲ್ಲಿ ಟಿ.ಸಿ. ತಗೊಂಡು ಬರಬೇಡಿ. ಹೆಸರು ಶಾಲೆಯಲ್ಲೇ ಇದ್ದರೆ ಬಾಣಂತನ ಮುಗಿಸಿ ವಾಪಸ್ ಹೋಗೋದು ಸುಲಭ.

ದಿನಾ ಹೋಗೋಕೆ ಆಗಲ್ಲ ಅಂದ್ರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯೋ ಕೇಂದ್ರ ಸರ್ಕಾರದ ಎನ್‌ಐಒಎಸ್ ಮುಕ್ತ ಶಾಲೆ ಇದೆ. ಒಮ್ಮೆ ಸೇರಿದರೆ 5 ವರ್ಷದಲ್ಲಿ 9 ಸಲ ಪರೀಕ್ಷೆಗೆ ಅವಕಾಶ, ಒಂದೊಂದೇ ವಿಷಯ ಪಾಸು ಮಾಡಿಕೊಳ್ಳಬಹುದು.

ನಿಜವಾದ ತೊಡಕು ಅಂದ್ರೆ ಕೂಸನ್ನು ಯಾರು ನೋಡ್ಕೋತಾರೆ ಅನ್ನೋದು. ವಿಜಯಪುರ ಕಡೆ ನಮ್ಮೂರಲ್ಲಿ ಒಬ್ಬಳು ಪರೀಕ್ಷೆ ಬರೆಯುವಾಗ ಅವಳ ಅವ್ವ ಗೇಟಿನ ಹೊರಗೆ ಬೇವಿನ ಮರದಡಿ ಹಳೇ ಸೀರೆ ಹಾಸಿ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು, ಅತ್ತಾಗ ಮಗಳು ಹಿಂಡಿಟ್ಟಿದ್ದ ಹಾಲನ್ನು ಚಮಚದಲ್ಲಿ ಕುಡಿಸಿದಳು. ಅಂಥ ಒಬ್ಬರು ಮನೆಯಲ್ಲಿ ಬೇಕೇ ಬೇಕು. ಪಂಚಾಯಿತಿಯಲ್ಲಿ 'ಕೂಸಿನ ಮನೆ' ಇದೆಯಾ ಅಂತಲೂ ವಿಚಾರಿಸಿ, 6 ತಿಂಗಳು ತುಂಬಿದ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ.

ಇನ್ನೊಂದು ಮಾತು. 18 ತುಂಬದ ಹುಡುಗಿ ಬಸುರಿ ಅಂತ ಗೊತ್ತಾದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ) ಕಾಯ್ದೆ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ಇದಕ್ಕೆ ಹೆದರಿ ಎಷ್ಟೋ ಮನೆಯವರು ತಪಾಸಣೆಗೇ ಕರೆದುಕೊಂಡು ಹೋಗಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಈ ವಯಸ್ಸಿನಲ್ಲಿ ರಕ್ತ ಕಡಿಮೆ ಇರೋದು, ಬಿ.ಪಿ. ಏರೋದು ಜಾಸ್ತಿ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಖರ್ಚಾಗಲ್ಲ, ರಾತ್ರಿಯೂ ಎತ್ತುತ್ತಾರೆ.