ವೈದ್ಯರು 50ಕ್ಕೆ ಮೊದಲೇ ನಿವೃತ್ತರಾಗಬಹುದೇ?

ತಜ್ಞ ತರಬೇತಿ ಮುಗಿಸುವಷ್ಟರಲ್ಲಿ 33 ತುಂಬಿರುವ ವೈದ್ಯರು 50ರೊಳಗೆ ಆರ್ಥಿಕವಾಗಿ ಸ್ವತಂತ್ರರಾಗಿ ಕೆಲಸ ಬಿಡಲು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವಿದೆ, ಆದರೆ ಅದನ್ನು ನಿರ್ಧರಿಸುವುದು ಸಂಬಳದ ಗಾತ್ರಕ್ಕಿಂತ ಅದರಲ್ಲಿ ಉಳಿಯುವ ಪಾಲು.

ಹಣದುಬ್ಬರ ಕಳೆದು ವರ್ಷಕ್ಕೆ ಶೇ 5ರಷ್ಟು ಪ್ರತಿಫಲ ಸಿಗುತ್ತದೆಂದು ಇಟ್ಟುಕೊಂಡರೆ, ತೆರಿಗೆ ಕಳೆದ ಆದಾಯದ ಅರ್ಧವನ್ನು ಹೂಡುವವರು ವಾರ್ಷಿಕ ಖರ್ಚಿನ 25 ಪಟ್ಟು ಮೊತ್ತವನ್ನು ಸುಮಾರು 17 ವರ್ಷಗಳಲ್ಲಿ ಕೂಡಿಡುತ್ತಾರೆ. ಶೇ 20ರಷ್ಟನ್ನು ಮಾತ್ರ ಉಳಿಸುವವರಿಗೆ ಸುಮಾರು 37 ವರ್ಷ ಬೇಕು. ಈ 25 ಪಟ್ಟಿನ ಹಿಂದಿರುವುದು, ಆರ್ಥಿಕ ಸಲಹೆಗಾರ ವಿಲಿಯಂ ಬೆಂಗನ್ 1994ರಲ್ಲಿ ಅಮೆರಿಕದ ಮಾರುಕಟ್ಟೆಯ ಹಳೆಯ ಅಂಕಿಅಂಶಗಳಿಂದ ಕಂಡುಕೊಂಡ ಶೇ 4ರ ಲೆಕ್ಕ: ಕೂಡಿಟ್ಟ ಮೊತ್ತದ ಶೇ 4ರಷ್ಟನ್ನು ಮೊದಲ ವರ್ಷ ಖರ್ಚಿಗೆ ತೆಗೆದು, ಮುಂದೆ ಹಣದುಬ್ಬರಕ್ಕೆ ತಕ್ಕಂತೆ ಅದನ್ನು ಏರಿಸುತ್ತಾ ಹೋದರೂ ಹಣ ಬರಿದಾಗುವುದಿಲ್ಲ ಎಂಬುದು. ಅದು 30 ವರ್ಷಗಳ ನಿವೃತ್ತಿ ಜೀವನಕ್ಕೆ ಹೊಂದುವಂಥದ್ದು. 50ಕ್ಕೇ ಕೆಲಸ ಬಿಡುವವರು ಅದಕ್ಕಿಂತ ಹೆಚ್ಚು ಕಾಲ ಆ ಹಣದಲ್ಲೇ ಬದುಕಬೇಕಾಗಬಹುದಾದ್ದರಿಂದ 30 ಪಟ್ಟು ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಆಗ 33ರಿಂದ ಹೊರಟು 50ರೊಳಗೆ ಗುರಿ ಮುಟ್ಟಲು ಶೇ 55ರಷ್ಟನ್ನು ಉಳಿಸಬೇಕಾಗುತ್ತದೆ.

ಎಡವುವುದು ಹೆಚ್ಚಾಗಿ ತರಬೇತಿ ಮುಗಿದ ಮೊದಲ ಎರಡು ಮೂರು ವರ್ಷಗಳಲ್ಲಿ. ವರ್ಷಗಟ್ಟಲೆ ರಾತ್ರಿಪಾಳಿ ಮಾಡಿ ಬಾಡಿಗೆ ಕೋಣೆಯಲ್ಲಿ ಕಾಲ ಕಳೆದವರ ಆದಾಯ ಒಮ್ಮೆಲೇ ಏರಿದಾಗ ದೊಡ್ಡ ಮನೆ, ಹೊಸ ಕಾರು, ಅವುಗಳ ಕಂತುಗಳು ಒಟ್ಟಿಗೇ ಬಂದುಬಿಡುತ್ತವೆ (ಅದು ಸಹಜವೂ ಹೌದು). ಆ ಅವಧಿಯಲ್ಲಿ ಖರ್ಚನ್ನು ಹಳೆಯ ಮಟ್ಟದ ಆಸುಪಾಸಿನಲ್ಲೇ ಇಟ್ಟು ಶಿಕ್ಷಣ ಸಾಲವನ್ನು ತೀರಿಸಿಬಿಡಬೇಕು. ದುಡಿಮೆ ನಿಂತರೆ ಆದಾಯ ಕೊಡುವ ವಿಮೆಯೂ ಅಗತ್ಯ. ಶಸ್ತ್ರಚಿಕಿತ್ಸಕರ ಬೆರಳೊಂದು ಮರಗಟ್ಟಿದರೂ ಇಡೀ ಯೋಜನೆ ತಲೆಕೆಳಗಾಗುತ್ತದೆ.

ಪರವಾನಗಿ, ಕೈಚಳಕ ಎರಡೂ ಬಳಕೆ ತಪ್ಪಿದರೆ ಮರಳಿ ಪಡೆಯುವುದು ಕಷ್ಟವಾದ್ದರಿಂದ, ಮೊದಲು ರಾತ್ರಿಪಾಳಿಯನ್ನು, ಆಮೇಲೆ ವಾರದ ಕೆಲವು ದಿನಗಳನ್ನು ಬಿಡುತ್ತಾ ಹೋಗುವುದು ಒಳ್ಳೆಯದು.