ಉಪ್ಪುನೀರು ಎಲ್ಲೆಡೆ ಒಂದೇ ರೀತಿ ಕಾಣುತ್ತದೆ, ಆದರೂ ಅದು ಶುದ್ಧ ವಸ್ತುವಲ್ಲ ಏಕೆ?

ಉಪ್ಪುನೀರು ತಿಳಿಯಾಗಿದೆ, ಸೋಸಿದರೂ ಉಪ್ಪು ಸಿಗುವುದಿಲ್ಲ. ಆದರೂ ಅದು ಮಿಶ್ರಣ. ಜಲಜನಕ, ಆಮ್ಲಜನಕ ಸೇರಿ ಆದ ನೀರು ಮಾತ್ರ ಶುದ್ಧ ವಸ್ತು. ಇದು ಯಾವ ನ್ಯಾಯ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಈ ಪಾಠ ಹೇಳುವಾಗ ನಾನು ಮೊದಲು ಹೇಳುವುದು, ಕಣ್ಣನ್ನು ನಂಬಬೇಡಿ ಎಂದು. ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿದ್ದರೆ ಎರಡು ವಸ್ತುಗಳಿದ್ದಂತೆ ಕಾಣುತ್ತದೆ, ಇರುವುದು ಒಂದೇ.

ಕೇಳಿಕೊಳ್ಳಬೇಕಾದದ್ದು ಇಷ್ಟು: ಇದರ ಅನುಪಾತವನ್ನು ನನ್ನಿಷ್ಟದಂತೆ ಬದಲಿಸಬಹುದೇ? 100 ಗ್ರಾಂ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ, 20 ಗ್ರಾಂ ಹಾಕಿ, ಕೊಠಡಿಯ ಉಷ್ಣತೆಯಲ್ಲಿ ಸುಮಾರು 36 ಗ್ರಾಂವರೆಗೆ ಎಷ್ಟು ಹಾಕಿದರೂ ಕರಗಿ ಉಪ್ಪುನೀರೇ ಆಗುತ್ತದೆ. ನೀರು ಅಂತಹ ಸಲಿಗೆ ಕೊಡುವುದಿಲ್ಲ. ಅದರಲ್ಲಿ 1 ಗ್ರಾಂ ಜಲಜನಕಕ್ಕೆ ಸುಮಾರು 8 ಗ್ರಾಂ ಆಮ್ಲಜನಕ ಇರಲೇಬೇಕು. 2 ಗ್ರಾಂ ಜಲಜನಕವನ್ನು 8 ಗ್ರಾಂ ಆಮ್ಲಜನಕದಲ್ಲಿ ಉರಿಸಿದರೆ ಸಿಗುವುದು 9 ಗ್ರಾಂ ನೀರು. ಮಿಕ್ಕ 1 ಗ್ರಾಂ ಜಲಜನಕ ಹಾಗೆಯೇ ಉಳಿಯುತ್ತದೆ. ಗುಣವೂ ಅಷ್ಟೆ. ಉಪ್ಪುನೀರಿನಲ್ಲಿ ಉಪ್ಪಿನ ರುಚಿ ಉಳಿದಿದೆ, ಆದರೆ ಹೊತ್ತಿಕೊಂಡು ಉರಿಯುವ ಜಲಜನಕದ ಸ್ವಭಾವ ನೀರಿನಲ್ಲಿ ಎಲ್ಲಿದೆ?

ನಂಬಿಕೆ ಬರದಿದ್ದರೆ ಎರಡನ್ನೂ ಕುದಿಸಿ, ಉಷ್ಣಮಾಪಕ ಇಟ್ಟು ನೋಡಿ. ಸಮುದ್ರಮಟ್ಟದ ಒತ್ತಡದಲ್ಲಿ ಶುದ್ಧ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಬಂದು, ಕೊನೆಯ ಹನಿ ಆರುವವರೆಗೂ ಅಲ್ಲೇ ನಿಲ್ಲುತ್ತದೆ. ಉಪ್ಪುನೀರು 100 ದಾಟಿದ ಮೇಲೆಯೇ ಕುದಿಯತೊಡಗುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ. ಉಳಿದದ್ದು ಗಾಢವಾದಷ್ಟೂ ಉಷ್ಣತೆ ನಿಧಾನವಾಗಿ ಮೇಲೇರುತ್ತದೆ. 108 ಡಿಗ್ರಿ ದಾಟುವ ಹೊತ್ತಿಗೆ ನೀರು ಇನ್ನಷ್ಟು ಉಪ್ಪನ್ನು ಹಿಡಿದಿಟ್ಟುಕೊಳ್ಳಲಾರದೆ ತಳದಲ್ಲಿ ಹರಳು ಬೀಳತೊಡಗುತ್ತದೆ. ಯಾವ ರಾಸಾಯನಿಕ ಕ್ರಿಯೆಯೂ ಇಲ್ಲದೆ, ಬರಿಯ ಶಾಖದಿಂದ ಉಪ್ಪು ಬೇರೆ, ನೀರು ಬೇರೆ ಆಯಿತು. ನೀರಿನಿಂದ ಜಲಜನಕವನ್ನು ಬಿಡಿಸಲು ಹೀಗೆ ಕುದಿಸಿದರೆ ಸಾಲದು, ವಿದ್ಯುತ್ ಹರಿಸಿ ಅಣುವನ್ನೇ ಒಡೆಯಬೇಕು.

ಆದರೆ ಸ್ಥಿರವಾಗಿ ಕುದಿಯುವುದೆಲ್ಲ ಶುದ್ಧ ವಸ್ತು ಎಂದು ತಿರುಗಿಸಿ ಓದಬೇಡಿ. ತೂಕದಲ್ಲಿ ಸುಮಾರು 95.6 ಶೇಕಡಾ ಎಥನಾಲ್, ಉಳಿದದ್ದು ನೀರು ಇರುವ ದ್ರವ 78.2 ಡಿಗ್ರಿಯಲ್ಲಿ ಒಂದೇ ಸಮನೆ ಕುದಿಯುತ್ತದೆ. ಆವಿಯಲ್ಲೂ ಅದೇ ಅನುಪಾತ ಇರುವುದರಿಂದ ಎಷ್ಟು ಸಲ ಬಟ್ಟಿ ಇಳಿಸಿದರೂ ಬೇರ್ಪಡುವುದಿಲ್ಲ. ನನಗೆ ಈ ಅಧ್ಯಾಯದಲ್ಲಿ ಅತ್ಯಂತ ಪ್ರಿಯವಾದ ಉದಾಹರಣೆ ಇದೇ. ಇದೂ ಮಿಶ್ರಣವೇ ಎಂದು ತೋರಿಸಲು ಒತ್ತಡವನ್ನು ಬದಲಿಸಿ ಮತ್ತೆ ಕುದಿಸಬೇಕು. ಆಗ ಒಟ್ಟಿಗೆ ಕುದಿಯುವ ಆ ಅನುಪಾತವೇ ಬೇರೆಯಾಗುತ್ತದೆ. ಶುದ್ಧ ನೀರನ್ನು ಯಾವ ಒತ್ತಡದಲ್ಲಿ ಕುದಿಸಿದರೂ ಅದರ 1:8 ಕದಲುವುದಿಲ್ಲ.